ಒಂದೇ ಹೆಸರಿನ ಊರು: ಚೀನಾದ ಕುಲಗ್ರಾಮಗಳ ಅಧ್ಯಯನ ನಡೆದುಬಂದ ದಾರಿ

ಚೀನಾದ ಅನ್ಹುಯಿ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ, ಹುವಾಂಗ್‌ಶಾನ್ ಬೆಟ್ಟಗಳ ಸೆರಗಿನಲ್ಲಿ ಹೊಂಗ್‌ತ್ಸುನ್ ಎಂಬ ಊರಿದೆ. ವಾಂಗ್ ಮನೆತನದವರ ಊರು. 1131ರಲ್ಲಿ ಪೂರ್ವಜರು ಇಲ್ಲಿಗೆ ಬಂದು ನೆಲೆನಿಂತರೆಂದು ಮನೆತನದ ನಂಬಿಕೆ. ತೊರೆಯಿಂದ ತಿರುಗಿಸಿದ ನೀರು ಕಲ್ಲುಕಾಲುವೆಯಲ್ಲಿ ಮನೆಮನೆಯ ಮುಂದೆ ಹರಿದು, ಊರ ನಡುವಿನ ಅರ್ಧಚಂದ್ರದಂಥ ಕೊಳವನ್ನು ತುಂಬಿ, ಕೊನೆಗೆ ಊರ ತೆಂಕಣ ಕೆರೆಯನ್ನು ಸೇರುತ್ತದೆ. ಆ ಕೆರೆ ತೋಡಿದ್ದು 1607ರಲ್ಲಿ. ಬೆಳಿಗ್ಗೆ ಎಲ್ಲರೂ ಕುಡಿಯುವ ನೀರು ತುಂಬಿಕೊಳ್ಳುವ ತನಕ ಕಾಲುವೆಯಲ್ಲಿ ಯಾರೂ ಬಟ್ಟೆ ಒಗೆಯಬಾರದು ಎಂಬುದು ಹಳೆಯ ಕಟ್ಟಳೆ. ಕೊಳದ ದಡದಲ್ಲಿಯೇ ವಾಂಗ್ ಕುಲದ ಪಿತೃಮಂದಿರ.

ದಕ್ಷಿಣ ಚೀನಾದಲ್ಲಿ ಇಂಥ ಊರುಗಳು ಸಾವಿರಾರು. ಊರಿನ ಗಂಡಸರಿಗೆಲ್ಲ ಒಂದೇ ಮನೆತನದ ಹೆಸರು, ಒಬ್ಬನೇ ಮೂಲಪುರುಷ. ಒಂದೇ ಹೆಸರಿನವರು ತಮ್ಮತಮ್ಮಲ್ಲಿ ಮದುವೆಯಾಗುವಂತಿರಲಿಲ್ಲ, ಆದ್ದರಿಂದ ಸೊಸೆಯರೆಲ್ಲ ಹೊರಗಿನವರು. ಪೂರ್ವಜರ ಹೆಸರು ಕೆತ್ತಿದ ಮರದ ಫಲಕಗಳನ್ನಿಟ್ಟು ಪೂಜಿಸುವ ಮಂದಿರ, ತಲೆಮಾರುಗಳನ್ನು ಬರೆದಿಟ್ಟ ವಂಶಾವಳಿ, ಪೂಜೆಯ ಖರ್ಚಿಗೆಂದು ಬಿಟ್ಟ ಕುಲದ ಜಮೀನು ಎಂಬ ಮೂರರ ಮೇಲೆ ಊರು ನಿಂತಿತ್ತು. ಕಳೆದ ನೂರು ವರ್ಷಗಳಲ್ಲಿ ಈ ಊರುಗಳನ್ನು ವಿದ್ವಾಂಸರು ಎರಡು ಕಡೆಯಿಂದ ನೋಡಿದ್ದಾರೆ. ಒಂದು ಗುಂಪು ಮನುಷ್ಯರನ್ನು ಓದಿತು, ಇನ್ನೊಂದು ಮನೆಗಳನ್ನು ಅಳೆಯಿತು. ಇವೆರಡೂ ಬಹುಕಾಲ ಒಂದರ ಮುಖ ಒಂದು ನೋಡಲಿಲ್ಲ. ಇಂದು ಪರಂಪರೆಯ ಹೆಸರಿನಲ್ಲಿ ಅಲ್ಲಿ ನಡೆಯುತ್ತಿರುವುದನ್ನು ಅರ್ಥಮಾಡಿಕೊಳ್ಳಲು ಈ ಮಾತು ನೆನಪಿರಬೇಕು.

ಕುಲ ತಾನೇ ಬರೆದುಕೊಂಡದ್ದು

ಕುಲದ ಕಥೆಯನ್ನು ಮೊದಲು ಬರೆದವರು ಕುಲದವರೇ. 1050ರ ಸುಮಾರಿಗೆ ಸುಝೌ ನಗರದ ಫಾನ್ ಮನೆತನದ ಮಂತ್ರಿ ಫಾನ್ ಝೊಂಗ್‌ಯಾನ್ ತನ್ನ ಕುಲದವರಿಗಾಗಿ ಜಮೀನು ಮೀಸಲಿಟ್ಟು, ಅದರ ಗೇಣಿಯಿಂದ ಅಕ್ಕಿ, ಬಟ್ಟೆ, ಮದುವೆ ಮತ್ತು ಸಾವಿನ ಖರ್ಚನ್ನು ಹಂಚಲು ನಿಯಮ ಮಾಡಿದ. ನಂತರದ ಕುಲದ ಆಸ್ತಿಗಳಿಗೆಲ್ಲ ಇದು ಮಾದರಿಯಾಯಿತು. 12ನೆಯ ಶತಮಾನದ ಚಿಂತಕ ಝು ಶಿ ಮನೆಯಲ್ಲಿ ನಾಲ್ಕು ತಲೆಮಾರಿನ ಹಿರಿಯರಿಗೆ ಪೂಜೆ ಸಲ್ಲಿಸುವ ಕ್ರಮವನ್ನು ವಿಧಿಸಿದ. ಅದಕ್ಕೂ ಹಿಂದಿನ ಮೂಲಪುರುಷನನ್ನು ಪೂಜಿಸುವ ಅಧಿಕಾರ ಸಾಮಾನ್ಯರಿಗೆ ಇರಲಿಲ್ಲ. 1536ರಲ್ಲಿ ವಿಧಿಗಳ ಮಂತ್ರಿ ಶಿಯಾ ಯಾನ್ ಈ ಕಟ್ಟನ್ನು ಸಡಿಲಿಸಬೇಕೆಂದು ಜಿಯಾಜಿಂಗ್ ಚಕ್ರವರ್ತಿಗೆ ಬಿನ್ನಹ ಸಲ್ಲಿಸಿದ. ಅಲ್ಲಿಂದ ಮುಂದೆ ಹಳ್ಳಿಹಳ್ಳಿಯಲ್ಲಿ ಭಾರೀ ಪಿತೃಮಂದಿರಗಳು ಎದ್ದವು. ಇಂದು ನಾವು ‘ಅನಾದಿ ಕಾಲದ್ದು’ ಎಂದು ಬೆರಗಾಗುವ ಮಂದಿರಗಳಲ್ಲಿ ಹೆಚ್ಚಿನವು ಈ ಕಾಲದ ಈಚೆಗಿನವು.

ವಂಶಾವಳಿಯನ್ನು ಮೂವತ್ತು ವರ್ಷಕ್ಕೊಮ್ಮೆ ಹೊಸದಾಗಿ ಬರೆಸಬೇಕೆಂಬುದು ವಾಡಿಕೆ. ಅದರಲ್ಲಿ ಹೆಸರುಗಳಷ್ಟೇ ಅಲ್ಲ, ಕುಲದ ಕಟ್ಟಳೆ, ಜಮೀನಿನ ವಿವರ, ಸಮಾಧಿಗಳ ನಕ್ಷೆಯೂ ಇರುತ್ತಿದ್ದವು. ಶಾಂಘೈ ಗ್ರಂಥಾಲಯದ ಮುಂದಾಳತ್ವದಲ್ಲಿ ಸಿದ್ಧವಾದ ಚೀನೀ ವಂಶಾವಳಿಗಳ ಸೂಚಿಯಲ್ಲಿ 52,000ಕ್ಕೂ ಹೆಚ್ಚು ನಮೂದುಗಳಿವೆ. ಆದರೆ ಇವು ಕುಲದವರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಹೊತ್ತಗೆಗಳು. ಮೂಲಪುರುಷ ರಾಜವಂಶದವನೋ ಮಹಾಮಂತ್ರಿಯೋ ಆಗಿರುವುದು ಅಲ್ಲಿ ಮಾಮೂಲು.

ಹಳ್ಳಿಗೆ ಹೊರಟ ಮೊದಲಿಗರು

ಹೊಸಗಾಲದ ಅಧ್ಯಯನ ಶುರುವಾದದ್ದು 1920ರ ದಶಕದಲ್ಲಿ. ಶಾಂಘೈಯಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ಡೇನಿಯಲ್ ಕಲ್ಪ್ ಗುವಾಂಗ್‌ಡಾಂಗ್ ಪ್ರಾಂತ್ಯದ ಒಂದು ಹಳ್ಳಿಯ ಬಗ್ಗೆ 1925ರಲ್ಲಿ ಪುಸ್ತಕ ತಂದರು. ಹಳ್ಳಿಗೆ ‘ಫೀನಿಕ್ಸ್ ಗ್ರಾಮ’ ಎಂದು ಹೆಸರಿಟ್ಟರು. ಅಲ್ಲಿ ವ್ಯಕ್ತಿಗಿಂತ ಕುಟುಂಬವೇ ಎಲ್ಲಕ್ಕೂ ಅಳತೆಗೋಲು ಎಂಬುದು ಅವರು ಕಂಡ ಸಾರ.

ಅದೇ ಹೊತ್ತಿಗೆ ಕ್ರಾಂತಿಕಾರಿಗಳ ಕಣ್ಣಿಗೆ ಕುಲ ಬೇರೆಯಾಗಿಯೇ ಕಂಡಿತು. ಹುನಾನ್ ಪ್ರಾಂತ್ಯದ ರೈತ ಚಳವಳಿಯ ಬಗೆಗಿನ 1927ರ ವರದಿಯಲ್ಲಿ ಮಾವೊ ರೈತನನ್ನು ಬಿಗಿದ ನಾಲ್ಕು ಹಗ್ಗಗಳಲ್ಲಿ ಕುಲದ ಅಧಿಕಾರವೂ ಒಂದು ಎಂದರು. 1936ರಲ್ಲಿ ಅರ್ಥಶಾಸ್ತ್ರಜ್ಞ ಚೆನ್ ಹಾನ್‌ಶೆಂಗ್ ಗುವಾಂಗ್‌ಡಾಂಗ್‌ನ ಸಾಗುವಳಿ ಭೂಮಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕುಲಗಳ ಕೈಯಲ್ಲಿದೆ ಎಂದು ಅಂದಾಜು ಮಾಡಿದರು. ಹೆಸರಿಗೆ ಅದು ಎಲ್ಲರ ಆಸ್ತಿ. ಹಿಡಿತ ಮಾತ್ರ ಕುಲದ ಉಳ್ಳವರದ್ದು.

ಒಳಗಿನವನಾಗಿ ನಿಂತು ಬರೆದವರು ಲಿನ್ ಯಾವೊಹ್ವಾ. ಫುಝೌ ಬಳಿಯ ಹುವಾಂಗ್ ಕುಲದ ಯೀಶು ಗ್ರಾಮದ ಮೇಲೆ 1935ರಲ್ಲಿ ಪ್ರಬಂಧ ಬರೆದ ಇವರು, ಮುಂದೆ ‘ಚಿನ್ನದ ರೆಕ್ಕೆ’ ಎಂಬ ಕೃತಿಯಲ್ಲಿ ತಮ್ಮ ಸೀಮೆಯ ಎರಡು ಮನೆಗಳ ಏಳುಬೀಳನ್ನು ಕಾದಂಬರಿಯಂತೆ ಹೇಳಿದರು. 1935ರಲ್ಲಿ ಬೀಜಿಂಗ್‌ನ ಯಾನ್‌ಜಿಂಗ್ ವಿಶ್ವವಿದ್ಯಾಲಯಕ್ಕೆ ಬಂದು ಉಪನ್ಯಾಸ ಕೊಟ್ಟ ಬ್ರಿಟಿಷ್ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ ಅವರ ಪ್ರಭಾವ ಲಿನ್ ಮೇಲಿತ್ತು. ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡ್‌ನಲ್ಲಿ ಅದೇ ಬ್ರೌನ್ ಬಳಿ ಕಲಿತು, ಮೈಸೂರಿನ ಹತ್ತಿರದ ಹಳ್ಳಿಯೊಂದನ್ನು ‘ರಾಮಪುರ’ವೆಂದು ಕರೆದು ಜಗತ್ತಿಗೆ ಪರಿಚಯಿಸಿದವರು ನಮ್ಮ ಎಂ.ಎನ್. ಶ್ರೀನಿವಾಸ್. ಒಂದೇ ಗರಡಿಯ ಪಟ್ಟು ಎರಡು ದೇಶಗಳ ಹಳ್ಳಿಗಳಲ್ಲಿ ಕೆಲಸ ಮಾಡಿತ್ತು.

ಸಮಾಜಶಾಸ್ತ್ರಜ್ಞ ಫೇ ಶಿಯಾವೊತೊಂಗ್ 1940ರ ದಶಕದಲ್ಲಿ ಕೊಟ್ಟ ಉಪಮೆ ಇಂದಿಗೂ ಚಲಾವಣೆಯಲ್ಲಿದೆ: ಚೀನೀ ಸಂಬಂಧಗಳು ನೀರಿಗೆ ಎಸೆದ ಕಲ್ಲಿನ ಸುತ್ತ ಏಳುವ ಉಂಗುರಗಳಂತೆ, ನಡುವೆ ತಾನು, ದೂರ ಹೋದಷ್ಟೂ ಅಲೆ ತೆಳು. 1948ರಲ್ಲಿ ಹು ಶಿಯೆನ್‌ಚಿನ್ ವಂಶಾವಳಿಗಳಲ್ಲಿನ ಕಟ್ಟಳೆಗಳನ್ನೇ ಆಧಾರವಾಗಿಟ್ಟುಕೊಂಡು ಕುಲದ ಕೆಲಸಕಾರ್ಯಗಳ ಬಗ್ಗೆ ಗ್ರಂಥ ಬರೆದರು.

ಬಾಗಿಲು ಮುಚ್ಚಿದ ಕಾಲ

1950ರ ಭೂಸುಧಾರಣಾ ಕಾಯಿದೆ ಕುಲದ ಜಮೀನನ್ನು ರೈತರಿಗೆ ಹಂಚಿತು. ಮಂದಿರಗಳು ಶಾಲೆ, ಕಣಜ, ಕಚೇರಿಗಳಾದವು. 1966ರಿಂದಾಚೆಗೆ ‘ಹಳೆಯದನ್ನು ಒಡೆಯಿರಿ’ ಎಂಬ ಅಬ್ಬರದಲ್ಲಿ ಎಷ್ಟೋ ಫಲಕ, ವಂಶಾವಳಿಗಳು ಬೆಂಕಿಗೆ ಬಿದ್ದವು. ಚೀನಾದೊಳಗೆ ಸಮಾಜಶಾಸ್ತ್ರದ ಪಾಠವೇ 1952ರಲ್ಲಿ ನಿಂತುಹೋಯಿತು.

ಈ ವಿಷಯದ ಅತಿ ಪ್ರಭಾವಶಾಲಿ ಸಿದ್ಧಾಂತ ಹುಟ್ಟಿದ್ದು ಇದೇ ಹೊತ್ತಿನಲ್ಲಿ, ಚೀನಾದ ಹಳ್ಳಿಗೆ ಕಾಲಿಡಲಾಗದವರೊಬ್ಬರಿಂದ. ಲಂಡನ್ನಿನ ಮಾರಿಸ್ ಫ್ರೀಡ್‌ಮನ್ ಸಿಂಗಪುರದ ಚೀನೀಯರ ನಡುವೆ ಕೆಲಸ ಮಾಡಿದ್ದರು. ಪುಸ್ತಕಗಳನ್ನು ಜಾಲಾಡಿ 1958ರಲ್ಲಿ ಆಗ್ನೇಯ ಚೀನಾದ ಕುಲಸಂಘಟನೆಯ ಬಗ್ಗೆ ಗ್ರಂಥ ತಂದರು, 1966ರಲ್ಲಿ ಇನ್ನೊಂದನ್ನು ಬರೆದರು. ರಕ್ತಸಂಬಂಧವೊಂದರಿಂದಲೇ ಕುಲ ನಿಲ್ಲದು, ಅದನ್ನು ಹಿಡಿದಿಡುವುದು ಜಂಟಿ ಆಸ್ತಿ ಎಂಬುದು ಅವರ ವಾದದ ತಿರುಳು. ಯಾವ ಪೂರ್ವಜನ ಹೆಸರಿನಲ್ಲಿ ಆಸ್ತಿ ಇದೆಯೋ ಅವನ ಶಾಖೆ ಬೆಳೆಯುತ್ತದೆ. ಆಸ್ತಿಯಿಲ್ಲದ ಪೂರ್ವಜ ಮರೆತುಹೋಗುತ್ತಾನೆ. ಭತ್ತದ ಹೆಚ್ಚುವರಿ ಬೆಳೆ, ನೀರಾವರಿಗೆ ಬೇಕಾದ ಒಗ್ಗಟ್ಟು, ರಾಜಧಾನಿಯಿಂದ ದೂರವಿರುವ ಗಡಿನಾಡು ಎಂಬ ಮೂರು ಕಾರಣಗಳಿಂದ ದಕ್ಷಿಣದಲ್ಲಿ ಕುಲಗಳು ಬಲಿತವು ಎಂದರು.

ಈ ಮಾತನ್ನು ಒರೆಗೆ ಹಚ್ಚಲು ಉಳಿದಿದ್ದ ಜಾಗವೆಂದರೆ ಬ್ರಿಟಿಷರು 1898ರಲ್ಲಿ ಗುತ್ತಿಗೆಗೆ ಪಡೆದಿದ್ದ ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್, ಮತ್ತು ತೈವಾನ್. ನ್ಯೂ ಟೆರಿಟರೀಸ್‌ನಲ್ಲಿ ಟಾಂಗ್, ಹೌ, ಪಾಂಗ್, ಲಿಯು, ಮಾನ್ ಎಂಬ ಐದು ದೊಡ್ಡ ಕುಲಗಳಿದ್ದವು. ಹ್ಯೂ ಬೇಕರ್ 1968ರಲ್ಲಿ ಲಿಯು ಕುಲದ ಶಿಯುಂಗ್ ಶುಯಿ ಊರಿನ ಬಗ್ಗೆ ಬರೆದರು. ಜೇಮ್ಸ್ ವಾಟ್ಸನ್ 1975ರಲ್ಲಿ ಸಾನ್ ಟಿನ್ ಊರಿನ ಮಾನ್ ಕುಲದವರು ಬ್ರಿಟನ್ನಿನ ಹೋಟೆಲುಗಳಿಗೆ ವಲಸೆ ಹೋದ ಬಗೆಯನ್ನು ವಿವರಿಸಿದರು. ಒಬ್ಬರ ಕೈ ಹಿಡಿದು ಇನ್ನೊಬ್ಬರು ಹೋಗಲು ಕುಲವೇ ಏಣಿಯಾಗಿತ್ತು. ಬರ್ಟನ್ ಪಾಸ್ಟರ್ನಾಕ್ ತೈವಾನಿನ ಸಾಕ್ಷ್ಯ ಹಿಡಿದು ಫ್ರೀಡ್‌ಮನ್ನರ ಗಡಿನಾಡಿನ ವಾದವನ್ನು ತಿರುವಿಹಾಕಿದರು. ಗಡಿಯಲ್ಲಿ ಮೊದಲು ಬಂದವರು ಬೇರೆ ಬೇರೆ ಹೆಸರಿನವರು, ಬದುಕಲು ನೆರೆಯವನ ಜತೆ ಕೈಜೋಡಿಸಿದರು, ಕುಲ ಬಲಿತದ್ದು ಬದುಕು ನೆಲೆಗೊಂಡ ಮೇಲೆ.

ರೂಬಿ ವಾಟ್ಸನ್ ಕೇಳಿದ ಪ್ರಶ್ನೆ ಇನ್ನೂ ಚೂಪಾದದ್ದು. ಹಾ ತ್ಸುವೆನ್ ಊರಿನ ಟಾಂಗ್ ಕುಲದಲ್ಲಿ ಜಮೀನ್ದಾರನೂ ಗೇಣಿದಾರನೂ ಒಂದೇ ಮಂದಿರದಲ್ಲಿ ಕೈಮುಗಿಯುತ್ತಿದ್ದರು. ಅಣ್ಣತಮ್ಮಂದಿರೆಂಬ ಮಾತು ಆ ಅಂತರವನ್ನು ಹೇಗೆ ಮುಚ್ಚಿತು ಎಂಬುದನ್ನು 1985ರ ಪುಸ್ತಕದಲ್ಲಿ ಅವರು ತೋರಿಸಿದರು. ಮುಂದಿನ ವರ್ಷದ ಲೇಖನವೊಂದರಲ್ಲಿ, ಗಂಡಸರಿಗೆ ಬದುಕಿನುದ್ದಕ್ಕೂ ಹೊಸ ಹೊಸ ಹೆಸರುಗಳು ಸೇರುತ್ತಾ ಹೋದರೆ ಹೆಂಗಸರು ಮದುವೆಯೊಂದಿಗೆ ತಮ್ಮ ಹೆಸರನ್ನೇ ಕಳೆದುಕೊಳ್ಳುತ್ತಿದ್ದುದನ್ನು ಬರೆದರು. ನ್ಯೂ ಟೆರಿಟರೀಸ್‌ನ ಹೆಣ್ಣುಮಕ್ಕಳಿಗೆ ಜಮೀನಿನ ಉತ್ತರಾಧಿಕಾರ ಕಾನೂನಿನಲ್ಲಿ ದಕ್ಕಿದ್ದು 1994ರಲ್ಲಿ.

ಮೂಲೆಯ ಪೆಟ್ಟಿಗೆಯ ಕಾಗದ

ಇತಿಹಾಸಕಾರರ ದಾರಿ ಬೇರೆಯದು. ಜಪಾನ್ ಜತೆಗಿನ ಯುದ್ಧದ ನಡುವೆ 1939ರಲ್ಲಿ ಫುಜಿಯನ್ನಿನ ಹಳ್ಳಿಯೊಂದರಲ್ಲಿ ಆಶ್ರಯ ಪಡೆದಿದ್ದ ಫು ಯೀಲಿಂಗ್ ಅವರಿಗೆ ಹಳೆಯ ಮನೆಯಲ್ಲಿ ಭೂಮಿಯ ಕರಾರುಪತ್ರಗಳ ಕಟ್ಟು ಸಿಕ್ಕಿತು. ಅರಮನೆಯ ದಫ್ತರಗಳಿಗಿಂತ ಇಂಥ ಕಾಗದದಿಂದಲೇ ಹಳ್ಳಿಯ ಇತಿಹಾಸ ಬರೆಯಬಹುದೆಂದು ಅವರು ತೋರಿಸಿದರು. 1950ರ ದಶಕದಲ್ಲಿ, ಹೊಂಗ್‌ತ್ಸುನ್ ಇರುವ ಹಳೆಯ ಹುಯಿಝೌ ಸೀಮೆಯ ಮನೆಗಳಿಂದ ಕರಾರು, ಗೇಣಿಪತ್ರ, ತಂಟೆ-ತಕರಾರಿನ ದಾಖಲೆಗಳು ರಾಶಿರಾಶಿಯಾಗಿ ಹೊರಬಂದವು. ಅವುಗಳಿಂದ ‘ಹುಯಿಝೌ ಅಧ್ಯಯನ’ ಎಂಬ ಶಾಖೆಯೇ ಬೆಳೆಯಿತು. ಕುಲದ ಸಿರಿಯ ಹಿಂದೆ ಉಪ್ಪು, ಚಹಾ, ಮರದ ವ್ಯಾಪಾರವಿತ್ತು, ವಂಶಪಾರಂಪರ್ಯದ ಜೀತದಂಥ ಗೇಣಿ ಪದ್ಧತಿಯೂ ಇತ್ತು ಎಂಬುದು ಈ ಕಾಗದಗಳಿಂದ ಬಯಲಾಯಿತು.

ಫು ಅವರ ಶಿಷ್ಯ ಝೆಂಗ್ ಝೆನ್‌ಮಾನ್ 1992ರ ಗ್ರಂಥದಲ್ಲಿ ಫುಜಿಯನ್ ಕುಲಗಳನ್ನು ವಿಂಗಡಿಸಿದರು. ಕೆಲವು ಹುಟ್ಟಿನಿಂದ ಬಂದವು, ಕೆಲವು ಬಲಾಢ್ಯರ ಹಿಡಿತದಿಂದ ನಿಂತವು, ಮತ್ತೆ ಕೆಲವು ಕರಾರಿನಿಂದ, ಅಂದರೆ ಷೇರು ಹಾಕಿದಂತೆ ಹಣ ಹಾಕಿ ಕಟ್ಟಿಕೊಂಡವು. ಡೇವಿಡ್ ಫೌರ್ 2007ರಲ್ಲಿ ಪರ್ಲ್ ನದಿಯ ಬಯಲಿನ ಕಥೆಯನ್ನು ಬಿಡಿಸಿಟ್ಟರು. ತೆರಿಗೆಯ ಪಟ್ಟಿಯಲ್ಲಿ ಹೆಸರು, ನದಿ ತಂದುಹಾಕಿದ ಹೊಸ ಮಣ್ಣಿನ ಮೇಲೆ ಹಕ್ಕು, ಅರಸೊತ್ತಿಗೆ ಒಪ್ಪುವ ಪೂಜಾವಿಧಿ, ಇವೆಲ್ಲವನ್ನೂ ಒಟ್ಟಿಗೆ ದಕ್ಕಿಸಿಕೊಳ್ಳಲು ಜನ ಕುಲವಾದರು. ಮಂದಿರ ಕಟ್ಟಿದವರು ನೆಲದ ಮಕ್ಕಳಾದರು, ಕಟ್ಟಲಾಗದ ದೋಣಿವಾಸಿಗಳು ಹೊರಗುಳಿದರು. ಮೈಕೆಲ್ ಸೋನಿ ಫುಝೌ ಸೀಮೆಯಲ್ಲಿ ವಂಶಾವಳಿಗಳನ್ನು ಹೇಗೆ ಹೆಣೆಯಲಾಯಿತೆಂದು ತೋರಿಸಿದರು. ಅನಾದಿ ಕುಲ ಎಂಬುದು ಹೀಗೆ ಐನೂರು ವರ್ಷಗಳ ಲೆಕ್ಕಾಚಾರವಾಗಿ ಕಾಣತೊಡಗಿತು.

ಮನೆ ಅಳೆದವರು

ವಾಸ್ತುಶಿಲ್ಪದವರು ಹಳ್ಳಿಗೆ ಬಂದದ್ದು ತಡವಾಗಿ. 1930ರಲ್ಲಿ ಹುಟ್ಟಿದ ಚೀನೀ ವಾಸ್ತು ಸಂಶೋಧನಾ ಸಂಘಕ್ಕೆ ಮುಖ್ಯವಾಗಿ ಬೇಕಿದ್ದದ್ದು ದೇಗುಲ, ಅರಮನೆ, ಗೋಪುರ. ಲಿಯು ದುನ್‌ಝೆನ್ 1957ರಲ್ಲಿ ಚೀನೀ ವಾಸದ ಮನೆಗಳ ಬಗ್ಗೆ ಪುಸ್ತಕ ತಂದಾಗ ಸಾಮಾನ್ಯನ ಮನೆಗೂ ಇತಿಹಾಸದಲ್ಲಿ ಜಾಗ ಸಿಕ್ಕಿತು.

ಈ ಕ್ಷೇತ್ರದ ತಿರುವು ಚೆನ್ ಝಿಹ್ವಾ. ತ್ಸಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ವಾಸ್ತುವಿನ ಇತಿಹಾಸ ಕಲಿಸುತ್ತಿದ್ದ ಅವರು 1989ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ಲೋ ಚಿಂಗ್‌ಶಿ, ಲಿ ಚಿಯುಶಿಯಾಂಗ್ ಜತೆ ಹಳ್ಳಿಗಳತ್ತ ಹೊರಟರು. ಒಂದು ಮನೆಯನ್ನಲ್ಲ, ಇಡೀ ಊರನ್ನು ಓದಬೇಕು, ಮಂದಿರ, ಶಾಲೆ, ಬಾವಿ, ಸಮಾಧಿ, ದಾರಿ ಎಲ್ಲವೂ ಸೇರಿದರೆ ಮಾತ್ರ ಊರು ಎಂಬುದು ಅವರ ಪಟ್ಟು. ಝೆಜಿಯಾಂಗ್‌ನ ನಾನ್‌ಶಿ ನದಿ ಸೀಮೆಯ ಊರುಗಳು, ತಾವು ಝುಗೆ ಲಿಯಾಂಗ್ ಎಂಬ ಪ್ರಸಿದ್ಧ ಮಂತ್ರಿಯ ಸಂತಾನವೆನ್ನುವ ಝುಗೆ ಗ್ರಾಮ, ಹೀಗೆ ಊರಿಗೊಂದರಂತೆ ಪುಸ್ತಕ ಬಂತು. ಝುಗೆ ಗ್ರಾಮ 1996ರಲ್ಲಿ ರಾಷ್ಟ್ರಮಟ್ಟದ ರಕ್ಷಿತ ತಾಣವಾಯಿತು. ಚೆನ್ 2022ರಲ್ಲಿ ತೀರಿಕೊಂಡರು.

ಪಟ್ಟಿ, ಟಿಕೆಟ್ಟು, ಪಾಲು

2000ದಲ್ಲಿ ಹೊಂಗ್‌ತ್ಸುನ್ ಮತ್ತು ಹು ಮನೆತನದ ನೆರೆಯೂರು ಶೀದಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2007ರಲ್ಲಿ, ವಿದೇಶಕ್ಕೆ ದುಡಿಯಲು ಹೋದವರ ಹಣದಿಂದ ಎದ್ದ ಗುವಾಂಗ್‌ಡಾಂಗ್‌ನ ಕೈಪಿಂಗ್ ಸೀಮೆಯ ಕಾವಲುಗೋಪುರಗಳು, 2008ರಲ್ಲಿ ಫುಜಿಯನ್ನಿನ ತುಲೋ ಎಂಬ ಭಾರೀ ಮಣ್ಣುಗೋಡೆಯ ಕಟ್ಟಡಗಳ ಪೈಕಿ 46 ಸೇರಿದವು. ತುಲೋ ಒಂದರಲ್ಲೇ ಇಡೀ ಕುಲ ವಾಸಿಸುತ್ತಿತ್ತು; 1709ರ ಚೆಂಗ್‌ಚಿಲೋದಲ್ಲಿ ಒಂದರೊಳಗೊಂದು ನಾಲ್ಕು ಸುತ್ತು. ಹುಯಿಝೌ ಸೀಮೆಯ ಹುವಾಂಗ್ ಮನೆತನದ ಹದಿನಾರು ಮಲಗುವ ಕೋಣೆಗಳ ಮನೆಯೊಂದನ್ನಂತೂ ಬಿಚ್ಚಿ, ಹಡಗಿನಲ್ಲಿ ಸಾಗಿಸಿ, ಅಮೆರಿಕದ ಸೇಲಂ ನಗರದ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದರು. ಅದು 2003ರಲ್ಲಿ ಜನರಿಗೆ ತೆರೆಯಿತು. ಮನೆ ಚೆನ್ನಾಗಿಯೇ ಉಳಿದಿದೆ. ಅದರ ಊರು ಮಾತ್ರ ಕಡಲಾಚೆ ಇದೆ.

ದೇಶದೊಳಗೆ ಲೇಖಕ ಫೆಂಗ್ ಜಿತ್ಸಾಯ್ ಎಚ್ಚರಿಕೆಯ ಗಂಟೆ ಬಾರಿಸಿದರು. 2000ದಿಂದ 2010ರ ನಡುವೆ ಹಳ್ಳಿಗಳ ಸಂಖ್ಯೆ ಸುಮಾರು 36 ಲಕ್ಷದಿಂದ 27 ಲಕ್ಷಕ್ಕೆ ಇಳಿದಿದೆ ಎಂಬ ಅವರ ಮಾತು ದೊಡ್ಡ ಸುದ್ದಿಯಾಯಿತು. 2012ರಲ್ಲಿ ಸರ್ಕಾರ 646 ಹೆಸರುಗಳೊಂದಿಗೆ ‘ಸಾಂಪ್ರದಾಯಿಕ ಗ್ರಾಮ’ಗಳ ಪಟ್ಟಿ ಶುರುಮಾಡಿತು. 2023ರ ಆರನೆಯ ಕಂತಿನ ಹೊತ್ತಿಗೆ ಸಂಖ್ಯೆ 8,155 ಆಯಿತು.

ಪಟ್ಟಿಗೆ ಸೇರಿದ ಮೇಲೆ ಎದ್ದ ಪ್ರಶ್ನೆ ಫ್ರೀಡ್‌ಮನ್ನರಿಗೆ ಚೆನ್ನಾಗಿ ಗೊತ್ತಿದ್ದದ್ದೇ: ಆಸ್ತಿ ಯಾರದ್ದು? ಹೊಂಗ್‌ತ್ಸುನ್‌ನ ಪ್ರವಾಸೋದ್ಯಮದ ಹಕ್ಕು 1990ರ ದಶಕದ ಕೊನೆಯಲ್ಲಿ ಹೊರಗಿನ ಕಂಪನಿಗೆ ಹೋಯಿತು. ಟಿಕೆಟ್ ಹಣದಲ್ಲಿ ಊರವರಿಗೆ ಸಿಗುವ ಪಾಲು ಬಹುಕಾಲದ ಜಗಳವಾಯಿತು. ಶೀದಿಯಲ್ಲಿ ಊರೇ ತನ್ನ ಪ್ರವಾಸ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿತು. ಎರಡೂ ಊರುಗಳ ಗೋಡೆಗೆ ಒಂದೇ ಸುಣ್ಣ, ಒಂದೇ ಕಪ್ಪು ಹೆಂಚು. ಊರವರ ಪಾಲಿನ ಪರಂಪರೆ ಮಾತ್ರ ಒಂದೇ ಆಗಿರಲಿಲ್ಲ.

ನೂರು ವರ್ಷಗಳ ಈ ಅಧ್ಯಯನದಿಂದ ಹೊರಡುವ ತೀರ್ಪು ಇಷ್ಟು. ಕುಲಗ್ರಾಮವನ್ನು ಕಟ್ಟಿದ್ದು ರಕ್ತಕ್ಕಿಂತ ಹೆಚ್ಚಾಗಿ ಜಂಟಿ ಆಸ್ತಿ, ಜಂಟಿ ನೀರು, ಜಂಟಿ ಪೂಜೆ. ಅದರೊಳಗೆ ಅನ್ಯಾಯವೂ ಸಾಕಷ್ಟಿತ್ತು. ಮನುಷ್ಯರನ್ನು ಓದಿದವರು ಇದನ್ನು ಕಂಡುಕೊಂಡರು, ಆದರೆ ರಕ್ಷಣೆಯ ನಿಯಮಗಳು ಹೆಚ್ಚಾಗಿ ಮನೆ ಅಳೆದವರ ನಕ್ಷೆಯ ಮೇಲೆ ನಿಂತಿವೆ. ಹೀಗಾಗಿ ತೊಲೆ, ಜಂತಿ, ಕೆತ್ತನೆಗೆ ಕಾವಲಿದೆ. ಊರವರು ಕೂಡಿ ತೀರ್ಮಾನಿಸುವ ಹಕ್ಕಿಗೆ ಅಂಥ ಕಾವಲಿಲ್ಲ. ಹೊಂಗ್‌ತ್ಸುನ್‌ನ ಕಾಲುವೆಯನ್ನು ಶತಮಾನಗಳ ಕಾಲ ಕಾಪಾಡಿದ್ದು ಅದರ ಕಲ್ಲಲ್ಲ, ಬೆಳಗಿನ ನೀರಿನ ಕಟ್ಟಳೆಯನ್ನು ಪಾಲಿಸಿದ ಜನ.