ಮಲಪ್ರಭೆಯ ಕಣಿವೆಯ ಊರಹೆಸರುಗಳು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ದಂಡೆಯ ಊರುಗಳಿಗೆ ಎರಡು ಬಗೆಯ ಚರಿತ್ರೆಯುಂಟು. ಸ್ಥಳಪುರಾಣಗಳು ಹೇಳುವುದು ಒಂದು; ಹೆಸರಿನೊಳಗೇ ಅಡಗಿರುವುದು ಮತ್ತೊಂದು. ಇವೆರಡೂ ಹೊಂದಿಕೊಳ್ಳುವುದು ವಿರಳ.

ನದಿಯ ಹೆಸರನ್ನೇ ಮೊದಲು ಪರಿಶೀಲಿಸಬೇಕು. ಪ್ರಾಚೀನರು ಇದನ್ನು ಮಲಪ್ರಹಾರಿ, ಮಲಾಪಹಾರಿ ಎಂದು ಕರೆದರು. ಮಲವನ್ನು ಕಳೆಯುವವಳು ಎಂದು ಅದರ ಅರ್ಥ. ಜನರ ಬಾಯಲ್ಲಿ ಅದು ಮಲಪಾರಿಯಾಯಿತು. ಇಂದಿನ 'ಮಲಪ್ರಭಾ' ರೂಪದಿಂದ ಮಾತ್ರ ಯುಕ್ತವಾದ ಅರ್ಥ ಹೊರಡದು. ನೆರೆಯ ಘಟಪ್ರಭೆಯ ಸಾದೃಶ್ಯದಿಂದ ಬಂದ ರೂಪ ಇದಾಗಿರಬೇಕು. ಓದುಬಾರದ ಒಕ್ಕಲಿಗನ ಉಚ್ಚಾರವೇ ಇಲ್ಲಿ ಮೂಲಕ್ಕೆ ಹತ್ತಿರವಾದುದು.

ಪಟ್ಟದಕಲ್ಲಿನ ಹೆಸರು ಇನ್ನೂ ಕುತೂಹಲಕರ. ಅರಸರಿಗೆ ಪಟ್ಟಗಟ್ಟುತ್ತಿದ್ದ ಕಲ್ಲು ಇಲ್ಲಿದ್ದುದರಿಂದ ಈ ಹೆಸರು ಬಂದಿತೆಂಬುದು ಜನಜನಿತವಾದ ವಿವರಣೆ. ಆದರೆ ಎಂಟನೆಯ ಶತಮಾನದಲ್ಲಿ, ಲೋಕಮಹಾದೇವಿಯು ಇಂದಿನ ವಿರೂಪಾಕ್ಷ ದೇವಾಲಯವನ್ನು ಲೋಕೇಶ್ವರವೆಂಬ ಹೆಸರಿನಲ್ಲಿ ಕಟ್ಟಿಸಿದ ಕಾಲಕ್ಕೆ, ಈ ಊರು ಕಿಸುವೊೞಲ್. 'ಕಿಸು' ಎಂದರೆ ಕೆಂಪು. ಕಿಸುಗಲ್, ಕಿಸುಗಣ್ ಮೊದಲಾದ ಹಳಗನ್ನಡ ಪದಗಳಲ್ಲಿ ಇರುವುದೂ ಅದೇ. 'ಪೊೞಲ್' ಎಂದರೆ ಪಟ್ಟಣ. ಸುತ್ತಲಿನ ಮರಳುಗಲ್ಲಿನ ಬೆಟ್ಟಗಳನ್ನು ಒಮ್ಮೆ ಕಂಡವರಿಗೆ ಈ ಹೆಸರಿಗೆ ಬೇರೆ ವ್ಯಾಖ್ಯಾನ ಬೇಡ. ಇದೇ ಸೀಮೆಗೆ ಕಿಸುಕಾಡು ಎಪ್ಪತ್ತು ಎಂಬ ಹೆಸರೂ ಇದ್ದಿತು. ಹನ್ನೆರಡನೆಯ ಶತಮಾನದ ಸಿಂದರ ಶಾಸನದಲ್ಲಿ 'ಪಟ್ಟದ ಕಿಸುವೊೞಲ್' ಎಂಬ ಪೂರ್ಣರೂಪ ದೊರೆಯುತ್ತದೆ. ಕಾಲಕ್ರಮದಲ್ಲಿ ನಡುವಿನ ಅಕ್ಷರಗಳು ಸವೆದು ಹೆಸರಿನ ಎರಡು ತುದಿಗಳು ಕೂಡಿಕೊಂಡವೆಂದು ಊಹಿಸುವುದೇ ಯುಕ್ತ. ಕಲ್ಲು ಆಮೇಲೆ ಬಂದುದು. ಕಥೆ ಅದಕ್ಕೂ ಆಮೇಲೆ. ೞಕಾರವು ಬಳಕೆಯಿಂದ ಮರೆಯಾದುದರೊಡನೆ ಪೊೞಲ್ ಎಂಬ ಸೊಗಸಾದ ಮಾತೂ ದಿನಬಳಕೆಯಿಂದ ಹೋಯಿತು. ಹೊಳಲ್ಕೆರೆಯಂತಹ ಊರಹೆಸರುಗಳಲ್ಲಷ್ಟೇ ಅದು ಉಸಿರಾಡುತ್ತಿದೆ.

ಐಹೊಳೆಯ ಸಂಗತಿಯೂ ಇಂತಹುದೇ. ಪರಶುರಾಮನು ಕೊಡಲಿ ತೊಳೆದಾಗ ನೀರು ಕೆಂಪಾಯಿತು, ಕಂಡ ಹೆಂಗಸರು 'ಅಯ್ಯೋ ಹೊಳೆ' ಎಂದು ಕೂಗಿದರು ಎಂಬುದು ಐತಿಹ್ಯ. ಶಾಸನಗಳ ಅಯ್ಯಾವೊಳೆಯನ್ನು ಸಂಸ್ಕೃತಜ್ಞರು ಆರ್ಯಪುರವೆಂದು ಮಾರ್ಪಡಿಸಿದರು. ಅವರು ಎರಡನೆಯ ಪದವನ್ನು ಹೊಳೆಯೆಂದು ತಿಳಿಯದೆ ಊರೆಂದೇ ತಿಳಿದರೆಂಬುದು ಇದರಿಂದ ಸ್ಪಷ್ಟ. ಈ ಹೆಸರು ಹೊತ್ತ ಐನೂರ್ವರ ವರ್ತಕಸಂಘವನ್ನು ಸುಮಾತ್ರ ದ್ವೀಪದ ಬಾರುಸ್‌ನಲ್ಲಿ ದೊರೆತ 1088ರ ತಮಿಳು ಶಾಸನವೂ ಸ್ಮರಿಸುತ್ತದೆ. ಕಡಲಾಚೆಗೂ ಹೋದ ಹೆಸರಿಗೆ ತವರಿನಲ್ಲಿ 'ಅಯ್ಯೋ' ಎಂಬ ಅರ್ಥ ಅಂಟಿಕೊಂಡುದು ವಿಚಿತ್ರವೇ ಸರಿ. ಪೊನ್ನುಗುಂದವು ಹುನಗುಂದವಾದುದರಲ್ಲಿ ಇಂತಹ ತೊಡಕಿಲ್ಲ. ಪಕಾರಕ್ಕೆ ಹಕಾರ ಬಂದ ಸಾಮಾನ್ಯ ವ್ಯತ್ಯಾಸವಷ್ಟೆ.

ನದಿ ಮುಗಿಯುವೆಡೆಯ ಊರನ್ನು ಹರಿಹರನು ಬಸವರಾಜದೇವರ ರಗಳೆಯಲ್ಲಿ ಕಪ್ಪಡಿಸಂಗಮವೆಂದು ಕರೆದಿದ್ದಾನೆ. ತುಂಗೆ-ಭದ್ರೆಯರು ಸೇರುವ ಕೂಡ್ಲಿಯಲ್ಲಿರುವ ಧಾತುವೇ 'ಕೂಡಲ್' ಎಂಬುದರಲ್ಲಿಯೂ ಇದೆ. ಸಂಗಮವೆಂಬುದು ಅದರದೇ ಸಂಸ್ಕೃತ ಪರ್ಯಾಯ. ಹೀಗೆ ಎರಡು ನದಿಗಳು ಸೇರುವಲ್ಲಿ ಎರಡು ಭಾಷೆಗಳ ಸಮಾನಾರ್ಥಕ ಪದಗಳೂ ಸೇರಿವೆ. ವ್ಯಾಕರಣದ ದೃಷ್ಟಿಯಿಂದ ಇದು ದ್ವಿರುಕ್ತಿಯೆನಿಸಬಹುದು. ಆದರೆ ಬಸವಣ್ಣನವರು ಆ ಜೋಡುಪದವನ್ನೇ ತಮ್ಮ ಅಂಕಿತದಲ್ಲಿ ಇರಿಸಿದರು. ಕಪ್ಪಡಿ ಮರೆಯಾಯಿತು, ಕೂಡಲಸಂಗಮ ಉಳಿಯಿತು. ನಾರಾಯಣಪುರ ಜಲಾಶಯದ ಹಿನ್ನೀರು ಏರಿದ ಮೇಲೆ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಬೇಕಾಯಿತು. ಎರಡು ನದಿಗಳು ಕೂಡುವ ಗೆರೆ ಈಗ ತುಂಬಿದ ನೀರಿನಲ್ಲಿ ಕಾಣದು. ಅದನ್ನು ಹೇಳುತ್ತಿರುವುದು ಊರಿನ ಹೆಸರು.