ಮೂವತ್ತೈದರಿಂದ ಭಾಗಿಸಲು ಬಾರದವು: ಟಿ-55 ಟ್ಯಾಂಕಿನ ಕಿರುಮಾದರಿಯ ಬಗ್ಗೆ ಒಂದು ಟಿಪ್ಪಣಿ

ಮಡಿಕೇರಿಯಲ್ಲಿ ಜನರಲ್ ಕೆ. ಎಸ್. ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ ಈಗ ವಸ್ತುಸಂಗ್ರಹಾಲಯ. ಅದರ ಆವರಣದಲ್ಲಿ ಟಿ-55 ಟ್ಯಾಂಕೊಂದನ್ನು ನಿಲ್ಲಿಸಿದ್ದಾರೆ. ಈ ಜಾತಿಯ ಟ್ಯಾಂಕಿನ ತೂಕ ಸುಮಾರು 36 ಟನ್. ನನ್ನ ಮೇಜಿನ ಮೇಲೆ ಅದರದೇ ಪ್ಲಾಸ್ಟಿಕ್ ಮಾದರಿ ಇದೆ. ಅಳತೆ 1:35, ತೂಕದಲ್ಲಿ ಒಂದು ತೆಂಗಿನಕಾಯಿಗಿಂತ ಹಗುರ. ದೊಡ್ಡದರಿಂದ ಚಿಕ್ಕದಕ್ಕೆ ಬರುವಾಗ ಯಾವುದು ಸರಿಯಾಗಿ ಕುಗ್ಗುತ್ತದೆ, ಯಾವುದು ಕುಗ್ಗಲು ಒಪ್ಪುವುದಿಲ್ಲ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲೇ ಒಂದು ಮಾತು. ತಿಮ್ಮಯ್ಯನವರ ಮನೆಯ ಮುಂದಿರುವ ಟ್ಯಾಂಕು ಅವರ ಕಾಲದ್ದಲ್ಲ. 1961ರಲ್ಲಿ ಅವರು ನಿವೃತ್ತರಾದ ಮೇಲಷ್ಟೇ ಟಿ-55 ನಮ್ಮ ಸೇನೆಗೆ ಬಂದದ್ದು. ಅವರ ಹೆಸರಿನೊಂದಿಗೆ ಸೇರಿಕೊಂಡಿರುವುದು ಹಗುರವಾದ ಸ್ಟುಅರ್ಟ್ ಟ್ಯಾಂಕುಗಳು; 1948ರ ನವೆಂಬರ್ 1ರಂದು ಅವರ ನೇತೃತ್ವದಲ್ಲಿ 7ನೇ ಕ್ಯಾವಲ್ರಿಯ ಸ್ಟುಅರ್ಟ್‌ಗಳು ಜೋಜಿ ಲಾ ಕಣಿವೆ ಹತ್ತಿದವು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಪಡೆ ಅವಕ್ಕೆ ದಾರಿ ಕಡಿದುಕೊಟ್ಟಿತ್ತು. ಅಲ್ಲಿಗೆ ಸಾಗಿಸುವಾಗ ಟರೆಟ್‌ಗಳನ್ನು ಕಳಚಿ, ಮುಂದೆ ಮತ್ತೆ ಕೂರಿಸಿದ್ದರು. ನಿಜವಾದ ಟ್ಯಾಂಕನ್ನೇ ಮಾದರಿಯ ಬಿಡಿಭಾಗಗಳ ಕಿಟ್‌ನ ಹಾಗೆ ಬಿಚ್ಚಿ ಜೋಡಿಸಿದ ಕಥೆ ಅದು. ಅದಕ್ಕೆ ಬೇರೆಯೇ ಟಿಪ್ಪಣಿ ಬೇಕು.

ಈಗ ಅಳತೆಯ ಮಾತು. ಮಾದರಿ ತಯಾರಿಕೆಯ ಬೇರೆ ಅಳತೆಗಳಿಗೆಲ್ಲ ಒಂದು ವಂಶವಿದೆ. 1:72 ಎಂದರೆ ಆರು ಅಡಿಗೆ ಒಂದು ಅಂಗುಲ. 1:48 ಎಂದರೆ ಅಡಿಗೆ ಕಾಲು ಅಂಗುಲ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಹಿಡಿದ 1:76 ಆಟಿಕೆ ರೈಲಿನ ಲೋಕದಿಂದ ಬಂದದ್ದು, ಅಡಿಗೆ ನಾಲ್ಕು ಮಿಲಿಮೀಟರ್. ಆದರೆ 1:35? ಅಡಿ-ಅಂಗುಲದ ಲೆಕ್ಕಕ್ಕೂ ಅದು ಸೇರದು, ಮೆಟ್ರಿಕ್ ಲೆಕ್ಕಕ್ಕೂ ಸೇರದು. ಜಪಾನಿನ ಶಿಜುಓಕಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಒಳಗೆ ಮೋಟಾರು, ಅದಕ್ಕೆ ಎರಡು ಸೆಲ್ಲು. ಆ ಸೆಲ್ಲುಗಳು ಹಿಡಿಯುವಷ್ಟು ದೊಡ್ಡದಾಗಿ ಒಡಲನ್ನು ಮಾಡಿದರು. ಪ್ಯಾಂಥರ್ ಚೆನ್ನಾಗಿ ಮಾರಾಟವಾಗಿ, ಅದೇ ಅಳತೆಯಲ್ಲಿ ಬೇರೆ ಟ್ಯಾಂಕುಗಳನ್ನೂ ಮಾಡುವ ಯೋಚನೆ ಬಂದಾಗ ಅಳೆದು ನೋಡಿದರೆ ಅದು ಹತ್ತಿರಹತ್ತಿರ 1:35 ಇತ್ತು. ಕಂಪನಿಯನ್ನು ಬೆಳೆಸಿದ ಶುನ್ಸಾಕು ತಮಿಯಾ ಅವರೇ ಇದನ್ನು ಬರೆದುಕೊಂಡಿದ್ದಾರೆ. ಇಂದು ಸೇನಾ ವಾಹನಗಳ ಮಾದರಿಗಳಿಗೆ ಇದೇ ಬಹುಮಾನ್ಯ ಅಳತೆ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಗೆ ವಾರಗಟ್ಟಲೆ ಜಗಳವಾಡುವ ನಾವು ಹವ್ಯಾಸಿಗಳು ಟಾರ್ಚಿನ ಸೆಲ್ಲಿಗೆ ಋಣಿಗಳು.

ಉದ್ದಗಲಗಳ ಮಟ್ಟಿಗೆ ಭಾಗಾಕಾರಕ್ಕೆ ತಕರಾರಿಲ್ಲ. ಟಿ-55ರ ಒಡಲು 6.45 ಮೀಟರ್, ಮಾದರಿಯಲ್ಲಿ 184 ಮಿಲಿಮೀಟರ್. ಬಂದೂಕೂ ಸೇರಿ 9 ಮೀಟರ್, ಅಂದರೆ 257 ಮಿಲಿಮೀಟರ್. 100 ಮಿಲಿಮೀಟರ್ ಬಾಯಿಯ ಬಂದೂಕು ಮೂರು ಮಿಲಿಮೀಟರಿಗೂ ತುಸು ಕಡಿಮೆಯಾಗುತ್ತದೆ. ಮೊದಲ ಮತ್ತು ಎರಡನೆಯ ಗಾಲಿಗಳ ನಡುವೆ ಉಳಿದವಕ್ಕಿಂತ ಹೆಚ್ಚು ಬಿಟ್ಟಿರುವ ಜಾಗ ಟಿ-54, ಟಿ-55ಗಳ ಗುರುತು. ಸ್ಕೇಲು ಹಿಡಿದರೆ ಅದೂ ಲೆಕ್ಕಕ್ಕೆ ಸಿಗುತ್ತದೆ.

ದಪ್ಪಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ. ಎರಡು ಮಿಲಿಮೀಟರ್ ತಗಡಿನ ಮಡ್‌ಗಾರ್ಡು 1:35ರಲ್ಲಿ 0.06 ಮಿಲಿಮೀಟರಿಗಿಂತಲೂ ತೆಳು ಆಗಬೇಕು. ಅಚ್ಚಿನಲ್ಲಿ ಪ್ಲಾಸ್ಟಿಕ್ ಅಷ್ಟು ತೆಳುವಾಗಿ ಹರಿಯದು. ಕಿಟ್‌ನಲ್ಲಿ ಒಂದು ಮಿಲಿಮೀಟರ್ ದಪ್ಪದ ಮಡ್‌ಗಾರ್ಡು ಬಂದರೆ ಅದು ನಿಜದ ಲೆಕ್ಕದಲ್ಲಿ 35 ಮಿಲಿಮೀಟರ್ ಉಕ್ಕು. ಆದ್ದರಿಂದ ಕಣ್ಣಿಗೆ ಕಾಣುವ ಅಂಚನ್ನು ಮಾತ್ರ ಒಳಗಡೆಯಿಂದ ಚಾಕುವಿನಲ್ಲಿ ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ ತೆಳುಗೊಳಿಸುತ್ತೇವೆ. ಇಲ್ಲವೇ ಆಮ್ಲದಲ್ಲಿ ಕೊರೆದ ಹಿತ್ತಾಳೆ ತಗಡನ್ನು ಕೂರಿಸುತ್ತೇವೆ. ಬಣ್ಣದ ಪದರಕ್ಕೂ ಇದೇ ನಿಯಮ. 0.05 ಮಿಲಿಮೀಟರ್ ಬಣ್ಣ ಬಳಿದರೆ ನಿಜದ ಟ್ಯಾಂಕಿಗೆ ಸುಮಾರು ಎರಡು ಮಿಲಿಮೀಟರ್ ಬಣ್ಣ ಮೆತ್ತಿದ ಹಾಗೆ. ಬೋಲ್ಟುಗಳ ತಲೆ ಮುಚ್ಚಿಹೋಗುತ್ತದೆ. ಬಣ್ಣವನ್ನು ತೆಳುವಾಗಿ ಸಿಂಪಡಿಸುವ ಏರ್‌ಬ್ರಷ್ಷು ಹವ್ಯಾಸಿಗೆ ಶೋಕಿಯ ವಸ್ತುವಲ್ಲ ಎನ್ನಲು ಇದೊಂದೇ ಕಾರಣ ಸಾಕು.

ತೂಕದ ಸಂಗತಿ ಇನ್ನೂ ಸ್ವಾರಸ್ಯದ್ದು. ಉದ್ದ 35ರಿಂದ ಕುಗ್ಗಿದರೆ ಗಾತ್ರ 42,875ರಿಂದ ಕುಗ್ಗುತ್ತದೆ. 36 ಟನ್ನಿನ ಟ್ಯಾಂಕು ತನ್ನದೇ ಉಕ್ಕಿನಲ್ಲಿ ಈ ಅಳತೆಗೆ ಇಳಿದರೆ ಸುಮಾರು 840 ಗ್ರಾಂ ತೂಗಬೇಕು. ಪ್ಲಾಸ್ಟಿಕ್ ಮಾದರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಈ ಕೊರತೆ ಎದ್ದು ಕಾಣುವುದು ಗಾಲಿಗಳನ್ನು ಸುತ್ತುವ ಕೊಂಡಿಪಟ್ಟಿಯಲ್ಲಿ, ಅಂದರೆ ಟ್ರ್ಯಾಕಿನಲ್ಲಿ. ಟಿ-55ಕ್ಕೆ ಬದಿಗೆ ಐದೈದು ದೊಡ್ಡ ಗಾಲಿಗಳಿವೆ. ಟ್ರ್ಯಾಕಿನ ಮೇಲ್ಭಾಗವನ್ನು ಎತ್ತಿ ಹಿಡಿಯಲು ಬೇರೆ ಕಿರುಗಾಲಿಗಳಿಲ್ಲ. ಹಾಗಾಗಿ ಉಕ್ಕಿನ ಕೊಂಡಿಗಳು ಗಾಲಿಗಳ ಮೇಲೆ ಮಲಗಿ, ನಡುನಡುವೆ ಜೋಲುತ್ತವೆ. ಕಿಟ್‌ನಲ್ಲಿ ಬರುವ ವಿನೈಲ್ ಪಟ್ಟಿ ಮಾತ್ರ ಗಂಜಿ ಹೆಚ್ಚಾದ ಸೀರೆಯಂತೆ ಸೆಟೆದು ನಿಲ್ಲುತ್ತದೆ.

ಇದಕ್ಕೆ ಹವ್ಯಾಸಿಗಳು ಕೊಡುವ ವಿವರಣೆ, ‘ಮಾದರಿಗೆ ತೂಕವಿಲ್ಲ, ಅದಕ್ಕೇ ಜೋಲುವುದಿಲ್ಲ’ ಎಂದು. ಇದು ಅರ್ಧ ಸತ್ಯ. ಸರಪಳಿ ಜೋಲುವ ಆಕಾರವನ್ನು ಅದರ ತೂಕ ತೀರ್ಮಾನಿಸುವುದಿಲ್ಲ. ಎರಡು ಆಸರೆಗಳ ನಡುವಿನ ಅಂತರವೂ ಸರಪಳಿಯ ಉದ್ದವೂ ತೀರ್ಮಾನಿಸುತ್ತವೆ. ಬಾವಿಯ ಸರಪಳಿಯೂ ಕೊರಳಿನ ಚಿನ್ನದ ಸರವೂ ಜೋಲುವ ರೀತಿ ಒಂದೇ. ಆದರೆ ಅದಕ್ಕೆ ಕೀಲುಗಳು ಸಲೀಸಾಗಿ ತಿರುಗಬೇಕು. ವಿನೈಲಿನಲ್ಲಿ ಕೀಲೇ ಇಲ್ಲ. ಅದರ ಸೆಡವನ್ನು ಬಗ್ಗಿಸುವಷ್ಟು ಭಾರ ಅದಕ್ಕಿಲ್ಲ. ಹಂಗೇರಿಯ ಫ್ರಿಯುಲ್‌ಮಾಡೆಲ್‌ನವರ ಲೋಹದ ಕೊಂಡಿಗಳು ತಾವಾಗಿ ಜೋಲುವುದು ಭಾರದಿಂದಷ್ಟೇ ಅಲ್ಲ, ಒಂದೊಂದು ಕೊಂಡಿಯನ್ನೂ ತಂತಿಯ ತುಂಡಿನಿಂದ ಪೋಣಿಸಿರುವುದರಿಂದ. ಬದಿಗೆ ಸುಮಾರು 90 ಕೊಂಡಿ ಪೋಣಿಸುವುದು ಎರಡು ಸಂಜೆಯ ಕೆಲಸ. ನಾನು ಮೊದಲ ಸಲ ಮಾಡಿದ್ದು ಅಗ್ಗದ ದಾರಿ. ವಿನೈಲ್ ಪಟ್ಟಿಗೆ ಅಂಟು ಹಾಕಿ, ಮಡ್‌ಗಾರ್ಡಿನ ಕೆಳಗೆ ಬೆಂಕಿಕಡ್ಡಿಗಳನ್ನು ತುರುಕಿ ಗಾಲಿಗಳಿಗೆ ಅದುಮಿಟ್ಟೆ. ಬೆಳಿಗ್ಗೆ ಕಡ್ಡಿ ತೆಗೆದಾಗ ಮೂರು ಗಾಲಿ ಹಿಡಿದಿದ್ದವು. ನಾಲ್ಕನೆಯದರ ಮೇಲಿನ ಪಟ್ಟಿ ಎದ್ದು, ಒಂದು ಗಾಲಿಯನ್ನೇ ಅಚ್ಚಿನಿಂದ ಕಿತ್ತುಕೊಂಡು ಬಂದಿತ್ತು.

ಬಣ್ಣದ ವಿಷಯದಲ್ಲಿ ಭಾಗಿಸುವ ಮಾತೇ ಇಲ್ಲ. ಕಾರ್ಖಾನೆಯ ಹಸಿರನ್ನೇ ತಂದು ಮಾದರಿಗೆ ಬಳಿದರೆ ಅದು ಕಪ್ಪಗೆ, ಸತ್ತಂತೆ ಕಾಣುತ್ತದೆ. ಬಯಲಿನಲ್ಲಿ ನಿಂತ ಟ್ಯಾಂಕಿನ ಮೇಲೆ ಬಿಸಿಲು ಬಿದ್ದು, ಸಂದುಗೊಂದುಗಳಲ್ಲಿ ನೆರಳು ನಿಲ್ಲುತ್ತದೆ. ಟ್ಯೂಬ್‌ಲೈಟಿನ ಕೆಳಗಿನ ಒಂದು ಗೇಣು ಪ್ಲಾಸ್ಟಿಕ್ಕಿಗೆ ಆ ನೆರಳಿಲ್ಲ. ಅದನ್ನು ಕುಂಚವೇ ಒದಗಿಸಬೇಕು. ಸಂದುಗಳಿಗೆ ತೆಳುವಾದ ಕಡುಬಣ್ಣ ಹರಿಸುವ ‘ವಾಶ್’, ಕುಂಚವನ್ನು ಹೆಚ್ಚುಕಡಿಮೆ ಒಣಗಿಸಿ ಏಣುಗಳ ಮೇಲೆ ತಿಳಿಬಣ್ಣ ಸವರುವ ‘ಡ್ರೈಬ್ರಷ್’ ಈ ಕೆಲಸಕ್ಕೇ ಇರುವುದು. ಅಮೆರಿಕದ ಶೆಪರ್ಡ್ ಪೇನ್, ಬೆಲ್ಜಿಯಂನ ಫ್ರಾನ್ಸ್ವಾ ವೆರ್ಲಿಂಡನ್ ಈ ಎರಡನ್ನೂ ಹವ್ಯಾಸಿಗಳ ಕೈಗೆ ತಲುಪಿಸಿದವರಲ್ಲಿ ಮುಖ್ಯರು. ಸ್ಪೇನಿನ ಮಿಗ್ ಹಿಮೆನೆಸ್ ಮುಂತಾದವರ ಪೀಳಿಗೆ ಧೂಳು, ತುಕ್ಕು, ಎಣ್ಣೆ ಕಲೆಗಳನ್ನು ಮೂಡಿಸುವುದನ್ನೇ ಒಂದು ಶಾಸ್ತ್ರವಾಗಿಸಿತು. ಯಕ್ಷಗಾನದ ಬಣ್ಣಗಾರಿಕೆ ನೆನಪಾಗುತ್ತದೆ. ಚೌಕಿಯಲ್ಲಿ ಹತ್ತಿರದಿಂದ ಅತಿ ಎನಿಸಿದ ಗೆರೆ ರಂಗಸ್ಥಳದಲ್ಲಿ ಮುಖವಾಗಿ ನಿಲ್ಲುತ್ತದೆ.

ಆದರೆ ಈಚಿನ ಅನೇಕ ಮಾದರಿಗಳಲ್ಲಿ ಈ ವಿವೇಕ ಕೈತಪ್ಪಿದೆ ಎಂದು ನನ್ನ ಅಭಿಪ್ರಾಯ. ಲೆಕ್ಕ ಸುಲಭ. ಮಾದರಿಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜದ ಟ್ಯಾಂಕನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಿಂದ ಬಣ್ಣ ಎದ್ದ ಒಂದೊಂದು ಚುಕ್ಕಿಯೂ ಕಾಣುವುದಿಲ್ಲ. ಮಾದರಿಯ ಮೇಲೆ ಅರ್ಧ ಮಿಲಿಮೀಟರಿನ ಚುಕ್ಕಿ ಇಟ್ಟರೆ ನಿಜದಲ್ಲಿ ಅದು ಹೆಬ್ಬೆರಳಗಲದ ಗಾಯ. ಅಂಥ ಗಾಯಗಳನ್ನು ಸಾಸಿವೆ ಚೆಲ್ಲಿದ ಹಾಗೆ ಚೆಲ್ಲಿ ‘ಯುದ್ಧ ಕಂಡ ಟ್ಯಾಂಕು’ ಎಂದರೆ ನಂಬುವುದು ಕಷ್ಟ.

ಕೊನೆಗೆ, ಭಾರತೀಯ ಟಿ-55 ಮಾಡುವವರು ಎಡವುವ ಒಂದು ವಿವರ. ಈ ಟ್ಯಾಂಕಿನ 100 ಮಿಲಿಮೀಟರ್ ಬಂದೂಕಿನ ಮೂತಿಯ ಬಳಿ ಒಂದು ಉಬ್ಬು ಇದೆ. ಗುಂಡು ಹಾರಿದ ಮೇಲೆ ಕೊಳವೆಯಲ್ಲಿ ಉಳಿದ ಹೊಗೆ ಒಳಗಿರುವವರ ಕಡೆ ಬರದಂತೆ ಎಳೆದು ಹೊರಹಾಕುವ ವ್ಯವಸ್ಥೆ ಅದು. 1971ರ ಯುದ್ಧದಲ್ಲಿ ಎದುರು ಪಾಳಯದ ಪಾಕಿಸ್ತಾನದ ಬಳಿ ಚೀನಾದ ಟೈಪ್ 59 ಟ್ಯಾಂಕುಗಳಿದ್ದವು. ಅವು ಇದೇ ಸೋವಿಯತ್ ಮನೆತನದವು, ದೂರದಿಂದ ಅವಳಿಜವಳಿ. ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಬಾರದೆಂದು ಭಾರತದ ಟಿ-55ಗಳ ಬಂದೂಕಿನ ನಡುಭಾಗಕ್ಕೆ ಒಂದು ಸುಳ್ಳು ಉಬ್ಬನ್ನು ತೊಡಿಸಿದರು. ಅದಕ್ಕೆ ಕೆಲಸವಿಲ್ಲ, ಗುರುತಿಗೆ ಮಾತ್ರ. ಮುಂದೆ ಇವುಗಳಲ್ಲಿ ಹಲವಕ್ಕೆ 105 ಮಿಲಿಮೀಟರ್ ಬಂದೂಕು ಬಂತು. ಅದರಲ್ಲಿ ನಿಜವಾದ ಹೊಗೆ ಉಬ್ಬೇ ನಡುವಿನಲ್ಲಿರುತ್ತದೆ, ಮೂತಿ ಬೋಳು.

ಹೀಗಾಗಿ ಹಳೆಯ ಫೋಟೋ ಕೈಯಲ್ಲಿ ಹಿಡಿದು ಮಾದರಿಗೆ ಕೂತವರು ನಡುವಿನ ಉಬ್ಬನ್ನಷ್ಟೇ ನೋಡಿ ಕಾಲ ನಿರ್ಧರಿಸಬಾರದು, ಮೂತಿಯನ್ನೂ ನೋಡಬೇಕು. ಎರಡೂ ಕಡೆ ಉಬ್ಬಿದ್ದರೆ 1971ರ ಟ್ಯಾಂಕು, ನಡುವೆ ಮಾತ್ರ ಇದ್ದರೆ ಆಮೇಲಿನದು. ನನ್ನ ಮಾದರಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಆ ಸುಳ್ಳು ಉಬ್ಬನ್ನು ಮಾಡಿದೆ. ಕಿಟ್‌ನಲ್ಲಿ ಬಂದಿದ್ದ ನಿಜವಾದ ಉಬ್ಬಿಗಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು.