ಜಾಡಿಲ್ಲದ ಕಲ್ಲಿನ ವಯಸ್ಸು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶಿಲಾಕಾಲ

ಕಡೂರಿನ ಬಯಲಿನಲ್ಲಿ ಹೆಚ್ಚಾಗಿ ಕಾಣುವುದು ಬೂದುಬಣ್ಣದ ನೈಸ್ ಬಂಡೆ. ಪಶ್ಚಿಮಕ್ಕೆ ಸಾಗಿದರೆ ನೆಲ ಮೇಲೇಳುತ್ತದೆ, ಕಲ್ಲೂ ಬದಲಾಗುತ್ತದೆ. ಬಾಬಾಬುಡನ್ ಬೆಟ್ಟಸಾಲಿನ ಬುಡದಲ್ಲಿ ಬೆಣಚುಕಲ್ಲು, ಅದರ ಮೇಲೆ ಪದರ ಪದರವಾಗಿ ಕಪ್ಪು ಲಾವಾ, ನೆತ್ತಿಯಲ್ಲಿ ಕಬ್ಬಿಣದ ಪಟ್ಟೆಶಿಲೆ. ಭದ್ರಾವತಿಯ ಕಾರ್ಖಾನೆಗೆ ದಶಕಗಳ ಕಾಲ ಅದಿರು ಹೋದದ್ದು ಇದೇ ಸಾಲಿನ, ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಈ ಶಿಲೆಗಳ ವಯಸ್ಸೆಷ್ಟು?

ಬೇರೆ ಕಡೆ ಇಂಥ ಪ್ರಶ್ನೆಗೆ ಉತ್ತರ ಹೇಳಲು ಜಾಡು ಪಳೆಯುಳಿಕೆಗಳಿರುತ್ತವೆ. ಜೀವಿಯ ದೇಹವಲ್ಲ, ಅದು ತೋಡಿದ ಬಿಲ, ತೆವಳಿದ ಗೆರೆ, ಊರಿದ ಹೆಜ್ಜೆ. ಕೇಂಬ್ರಿಯನ್ ಯುಗದ ಆರಂಭವನ್ನು 1992ರಲ್ಲಿ ನಿಗದಿಮಾಡಿದ್ದೇ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಬಂಡೆಯೊಂದರಲ್ಲಿ ಮೊದಲು ಕಾಣುವ ಟ್ರೆಪ್ಟಿಕ್ನಸ್ ಪೀಡಮ್ ಎಂಬ ಬಿಲದ ಗುರುತಿನಿಂದ. ಅದು ಸುಮಾರು 54 ಕೋಟಿ ವರ್ಷದ ಹಿಂದಿನದು. ಬಾಬಾಬುಡನ್ ಶಿಲೆಗಳು ಅದಕ್ಕೂ 200 ಕೋಟಿ ವರ್ಷಕ್ಕಿಂತ ಹೆಚ್ಚು ಹಳೆಯವು. ಮಣ್ಣು ತೋಡುವ ಪ್ರಾಣಿಯೇ ಆಗ ಇರಲಿಲ್ಲ.

ಜೀವವೇ ಇರಲಿಲ್ಲವೆಂದಲ್ಲ. ಶಿವಮೊಗ್ಗ ಬಳಿಯ ಕುಂಸಿಯಲ್ಲೂ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯಲ್ಲೂ ಸುಣ್ಣಶಿಲೆಯೊಳಗೆ ಸ್ಟ್ರೊಮ್ಯಾಟೊಲೈಟ್ ಸಿಕ್ಕಿದೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಹಾಸಿನ ಮೇಲೆ ಹಾಸಾಗಿ ಬೆಳೆದು ಬಿಟ್ಟುಹೋದ ರಚನೆ ಅದು. ಅಲ್ಲಿ ತಿಳಿನೀರಿತ್ತು, ಬೆಳಕಿತ್ತು ಎಂದು ಅದು ಖಚಿತವಾಗಿ ಹೇಳುತ್ತದೆ. ಆದರೆ ಇಂಥ ಹಾಸುಗಳು ಭೂಮಿಯ ಇತಿಹಾಸದ ಬಹುಪಾಲು ಕಾಲ ಬೆಳೆಯುತ್ತಲೇ ಬಂದಿರುವುದರಿಂದ ವಯಸ್ಸನ್ನು ಮಾತ್ರ ಅದರಿಂದ ತೆಗೆಯಲಾಗದು.

ಜಾಡನ್ನೇ ನಂಬಿದರೆ ಏನಾಗಬಹುದೆಂಬುದಕ್ಕೆ ಮಧ್ಯಪ್ರದೇಶದ ಚೋರ್‌ಹಟ್ ಮರಳುಗಲ್ಲು ಸಾಕ್ಷಿ. ಅಲ್ಲಿನ ಗೆರೆಗಳು 110 ಕೋಟಿ ವರ್ಷ ಹಿಂದಿನ ಹುಳುವಿನ ಬಿಲಗಳೆಂದು 1998ರಲ್ಲಿ ಅಡಾಲ್ಫ್ ಸೈಲಾಕರ್ ಮತ್ತು ಸಂಗಡಿಗರು ಸಾರಿದರು. ನಾಲ್ಕು ವರ್ಷದ ನಂತರ ಅದೇ ಶಿಲಾಶ್ರೇಣಿಯ ಜ್ವಾಲಾಮುಖಿ ಬೂದಿಯಲ್ಲಿದ್ದ ಜಿರ್ಕಾನ್ ಹರಳುಗಳು ಸುಮಾರು 163 ಕೋಟಿ ವರ್ಷ ತೋರಿಸಿದವು. ಪ್ರಾಣಿಯ ವಾದ ಸೊರಗಿತು. ಗೆರೆಗಳು ಸೂಕ್ಷ್ಮಜೀವಿಗಳ ಹಾಸಿನಿಂದಾದವೆಂಬ ವಿವರಣೆಗೆ ಬಲ ಬಂತು. ವಯಸ್ಸಿನ ತೀರ್ಪು ಬಂದದ್ದು ಖನಿಜದಿಂದ.

ಬಾಬಾಬುಡನ್ ಶ್ರೇಣಿಯಲ್ಲೂ ಖನಿಜವೇ ಆಧಾರ. ಈ ಶ್ರೇಣಿಯನ್ನು ಕೆಳಗಿನಿಂದ ಮೇಲಕ್ಕೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ವಿಂಗಡಿಸಲಾಗಿದೆ. ಹೀಗೆ ಸುತ್ತಲಿನ ಊರು, ಗಿರಿಗಳ ಹೆಸರು ಜಗತ್ತಿನ ಭೂವಿಜ್ಞಾನ ಗ್ರಂಥಗಳನ್ನು ಸೇರಿದೆ. ಲಾವಾದಲ್ಲಿ ಜಿರ್ಕಾನ್ ವಿರಳ. ಹಾಗಾಗಿ ಅನಿಲ್ ಕುಮಾರ್, ವೈ.ಜೆ. ಭಾಸ್ಕರ ರಾವ್, ಕೆ. ಗೋಪಾಲನ್ ಮೊದಲಾದವರು 1996ರಲ್ಲಿ ಸಮೇರಿಯಮ್ ನಿಯೋಡೈಮಿಯಮ್ ಆಗಿ ಕ್ಷಯಿಸುವ ಗತಿಯನ್ನು ಬಳಸಿದರು. ಕಳಸಾಪುರದ ಲಾವಾಕ್ಕೆ 291.1 ಕೋಟಿ ವರ್ಷ ಬಂತು, ಹೆಚ್ಚುಕಡಿಮೆ 4.9 ಕೋಟಿ. ಸಂತವೇರಿಯದಕ್ಕೆ 284.8 ಕೋಟಿ, ಹೆಚ್ಚುಕಡಿಮೆ 7 ಕೋಟಿ. ಸಮೇರಿಯಮ್‌ನ ಅರ್ಧಾಯುಷ್ಯ 10,000 ಕೋಟಿ ವರ್ಷಕ್ಕೂ ಮಿಗಿಲು. ಇಷ್ಟು ನಿಧಾನದ ಗಡಿಯಾರದಲ್ಲಿ ಇಂಥ ಅನಿಶ್ಚಿತತೆ ಸಹಜ.

ಮರುವರ್ಷ ಆರ್ಥರ್ ಟ್ರೆಂಡಾಲ್ ಮತ್ತು ಸಂಗಡಿಗರು ಮುಳ್ಳಯ್ಯನಗಿರಿ ಕಬ್ಬಿಣಶಿಲೆಯ ತಳದ ಜಿರ್ಕಾನ್‌ಗಳಲ್ಲಿ ಯುರೇನಿಯಮ್ ಮತ್ತು ಸೀಸದ ಪ್ರಮಾಣ ಅಳೆದರು. ಫಲಿತಾಂಶ 272 ಕೋಟಿ ವರ್ಷ, ಹೆಚ್ಚುಕಡಿಮೆ ಬರೀ 70 ಲಕ್ಷ. ಹರಳಾಗುವಾಗ ಜಿರ್ಕಾನ್ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಂಡು ಸೀಸವನ್ನು ದೂರವಿಡುತ್ತದೆ. ಈಗ ಅದರಲ್ಲಿರುವ ಸೀಸ ಬಹುತೇಕ ಕ್ಷಯದಿಂದಲೇ ಬಂದದ್ದು. ಈ ನಿಖರತೆಯ ಗುಟ್ಟು ಅದೇ. ಅಜ್ಜಂಪುರದ ಉತ್ತರಕ್ಕೆ, ಚನ್ನಗಿರಿ ಸೀಮೆಯ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗೆ ಇದೇ ವಿಧಾನ 261.4 ಕೋಟಿ ವರ್ಷ ಕೊಟ್ಟಿದೆ. ಅದು ಬಾಬಾಬುಡನ್ ಶ್ರೇಣಿಯ ಮೇಲೆ ಬರುವ ಚಿತ್ರದುರ್ಗ ಶ್ರೇಣಿಗೆ ಸೇರಿದ್ದು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂದು ಸ್ತರಗಳನ್ನು ನೋಡಿ ಕಟ್ಟಿದ ಕ್ರಮಕ್ಕೆ ಈ ಅಂಕೆಗಳು ಹೊಂದಿಕೊಂಡವು.

ಖನಿಜ ವಯಸ್ಸಷ್ಟನ್ನೇ ಹೇಳುವುದಿಲ್ಲ. ಶ್ರೇಣಿಯ ಬುಡದ ಬೆಣಚುಗುಂಡಿನ ಶಿಲೆಯಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಕಣಗಳಿವೆ. ಅವು ನದಿಯಲ್ಲಿ ಉರುಳಿಬಂದಂಥವು. ಇಂದಿನ ಗಾಳಿಯಲ್ಲಾದರೆ ಅವು ದಾರಿಯಲ್ಲೇ ಆಕ್ಸಿಜನ್ ತಗುಲಿ ಕರಗಿಹೋಗುತ್ತಿದ್ದವು. ವಾತಾವರಣದಲ್ಲಿ ಆಕ್ಸಿಜನ್ ಏರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಈ ಶಿಲೆ ಅದಕ್ಕೂ ಮೊದಲಿನದೆಂದು, ಯಾವ ಯಂತ್ರವೂ ಇಲ್ಲದೆ, ಖನಿಜಗಳ ಕೂಟವೇ ತಿಳಿಸುತ್ತದೆ. ತರೀಕೆರೆ ಕಡೆಯ ಕಲ್ದುರ್ಗ ಪಿಂಡಶಿಲೆಯಲ್ಲೂ ತರ್ಕ ಅಷ್ಟೇ ನೇರ: ಒಳಗಿರುವ ಗುಂಡುಗಳು ಅವನ್ನು ಹಿಡಿದಿಟ್ಟ ಶಿಲೆಗಿಂತ ಹಳೆಯವಾಗಿರಲೇಬೇಕು.

ಸಂತವೇರಿಗೂ ಮುಳ್ಳಯ್ಯನಗಿರಿಗೂ ನಡುವೆ ಅಂಕೆಗಳಲ್ಲಿ ಸುಮಾರು 12.8 ಕೋಟಿ ವರ್ಷದ ಅಂತರವಿದೆ. ಅಷ್ಟು ಕಾಲ ಶೇಖರಣೆ ನಿಂತಿತ್ತೇ, ಅಥವಾ ಸಮೇರಿಯಮ್ ವಿಧಾನದ ಅನಿಶ್ಚಿತತೆ ಅಂತರವನ್ನು ಹಿಗ್ಗಿಸಿದೆಯೇ? ಎರಡು ಬೇರೆ ಗಡಿಯಾರಗಳ ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಇದನ್ನು ತೀರ್ಮಾನಿಸುವುದು ಸರಿಯಲ್ಲ. ಸಂತವೇರಿ ಸ್ತರದಲ್ಲಿ ಲಾವಾದ ಜೊತೆಗೆ ಸಿಲಿಕಾ ಹೆಚ್ಚಿರುವ ಜ್ವಾಲಾಮುಖಿ ಶಿಲೆಯೂ ಇದೆ. ಜಿರ್ಕಾನ್ ಹುಡುಕಬೇಕಾದದ್ದು ಅದರಲ್ಲಿ.